ಕತ್ತಾಳೆಗೆ ಕಟ್ಟಿದ ಹಗ್ಗ

ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದಾಗ ಹೆಂಡತಿ ಹೊಸ ಬೆಡ್‌ಶೀಟಿನ ತೂತಿನೊಳಗಿಂದ ನನ್ನನ್ನು ನೋಡುತ್ತಿದ್ದಳು.

"ಇದೂ ಹೋಯ್ತು ರೀ. ನಿಮ್ಮ ಕತ್ತಾಳೆ ಹರಿದಿದ್ದು."

ಕತ್ತಾಳೆ ನನ್ನದಲ್ಲ. ನಾನು ಈ ಮನೆಗೆ ಬರುವ ಮೊದಲೇ ಅದು ಹಿತ್ತಲ ಗೋಡೆಯ ಪಕ್ಕ ಇತ್ತು. ಆಳೆತ್ತರದ ದಪ್ಪ ಎಲೆಗಳು, ಅಂಚಿಗೆಲ್ಲ ಗರಗಸ, ತುದಿಗೊಂದು ದಬ್ಬಳ. ಬಟ್ಟೆ ಒಣಹಾಕುವ ಹಳೆಯ ಮರದ ಕಂಬ ಗೆದ್ದಲು ಹಿಡಿದು ಬಿದ್ದ ಮೇಲೆ ಬಟ್ಟೆಯನ್ನು ಗೋಡೆಯ ಮೇಲೆ ಹರಡುತ್ತಿದ್ದೆವು. ಗಾಳಿ ಬೀಸಿದರೆ ನೇರ ಮುಳ್ಳಿಗೆ. ಗಿಡವನ್ನು ನನ್ನ ತಲೆಗೆ ಕಟ್ಟಿದವರು ಅತ್ತೆ. (ಮನೆ ಅತ್ತೆಯದು. ನಾನು ಮನೆಅಳಿಯ. ಇದನ್ನು ಇಲ್ಲೇ ಹೇಳಿ ಮುಗಿಸುವುದು ವಾಸಿ.)

"ಸಮುದ್ರದ ಆಚೆಯಿಂದ ಬಂದ ಗಿಡವಂತೆ," ಎಂದರು ಅತ್ತೆ. "ಬಂತು, ಬೇರು ಬಿಡ್ತು, ಅರ್ಧ ಹಿತ್ತಲು ಹಿಡೀತು. ಕೆಲಸವಿಲ್ಲದೆ ಕೂತು ದಪ್ಪಗಾಗೋದಕ್ಕೂ ಒಂದು ಮಿತಿ ಬೇಡ್ವಾ?"

ನಾನು ಹೊಟ್ಟೆ ಒಳಗೆಳೆದುಕೊಂಡೆ.

"ಗಿಡಕ್ಕೆ ಹೇಳಿದ್ದು, ಅಳಿಯಂದಿರೇ."

ಭಾನುವಾರ ಕಡಿಸುವುದೆಂದು ತೀರ್ಮಾನವಾಯಿತು. ನನಗೆ ದಿಗಿಲಾಯಿತು. ಉಪಯೋಗವಿಲ್ಲದವರನ್ನು ಹೊರಹಾಕುವ ಕ್ರಮ ಹಿತ್ತಲಲ್ಲಿ ಶುರುವಾದರೆ ನಡುಮನೆಗೆ ಬರಲು ಎಷ್ಟು ಹೊತ್ತು?

ಸುದ್ದಿ ಕತ್ತಾಳೆಗೂ ಮುಟ್ಟಿರಬೇಕು. ಅದೇ ವಾರ ಅದರ ನಡುವಿನಿಂದ ಒನಕೆಯಂಥ ಹೂಗಂಬ ಎದ್ದಿತು. ಅದು ಎಲೆಗಳನ್ನು ದಾಟಿದ ಕೂಡಲೇ ನಾನು ಗೋಡೆ ಹತ್ತಿ, ತುದಿಗೆ ಹಗ್ಗ ಬಿಗಿದು, ಇನ್ನೊಂದು ಕೊನೆಯನ್ನು ಬಚ್ಚಲ ಕಿಟಕಿಯ ಸರಳಿಗೆ ಕಟ್ಟಿದೆ.

"ನೋಡು, ಕಂಬವೂ ಆಯ್ತು, ಮುಳ್ಳಿನ ಕಾಟವೂ ತಪ್ಪಿತು."

"ಸರಿ," ಎಂದಳು ಹೆಂಡತಿ. "ಕೆಲಸಕ್ಕೆ ಬರೋವರೆಗೆ ಇರ್ಲಿ. ಬರ್ಲಿಲ್ಲ ಅಂದ್ರೆ ಕೊಡಲಿ."

ಮರುದಿನ ಗಂಟು ಒಂದು ಗೇಣು ಮೇಲಿತ್ತು. ಅದರ ಮರುದಿನ ಇನ್ನೊಂದು ಗೇಣು. ನಾನು ಕಿಟಕಿಯ ಕಡೆಯಿಂದ ಗುಟ್ಟಾಗಿ ಹಗ್ಗ ಸಡಿಲಿಸುತ್ತಾ ಹೋದೆ. ವಾರ ಕಳೆಯುವಷ್ಟರಲ್ಲಿ ಅಂಗಿ, ಲಂಗ, ಟವೆಲ್ಲುಗಳೆಲ್ಲ ಜಾರುಬಂಡೆಯಾಡಿ ಬಚ್ಚಲ ಕಿಟಕಿಯ ಬಳಿ ಮುದ್ದೆಯಾಗಿ ಕೂತವು.

"ಮೇಲಕ್ಕೆ ಕೈ ಎಟುಕಲ್ಲ ರೀ."

"ಎತ್ತರದಲ್ಲಿ ಗಾಳಿ ಚೆನ್ನಾಗಿರುತ್ತೆ ಕಣೇ."

"ಗಾಳಿ ಇರ್ಲಿ, ಬಟ್ಟೆ ಹಾಕೋರು ಯಾರು? ಅಮ್ಮಾ, ಕೊಡಲಿ ಎಲ್ಲಿಟ್ಟಿದ್ದೀಯ?"

"ನಾನು ಹಾಕ್ತೀನಿ!" ಎಂದೆ.

(ಮದುವೆಯ ದಿನವೂ ನಾನು ಯಾವುದನ್ನೂ ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡಿರಲಿಲ್ಲ.)

ಮೊದಲು ಸ್ಟೂಲು ಬಂತು, ಆಮೇಲೆ ಏಣಿ. ಅತ್ತೆ ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡರು. "ಅಂಗಿ ತಲೆಕೆಳಗಾಗಿ ಹಾಕಿ. ಹಾಗಲ್ಲ, ಕೊಡವಿ ಹಾಕಿ. ಕ್ಲಿಪ್ಪು ಹೊಲಿಗೆ ಮೇಲೆ ಬರ್ಲಿ." ರಸ್ತೆಯಲ್ಲಿ ಹೋಗುವ ಪರಿಚಯದವರು ಗೋಡೆಯ ಮೇಲೆ ಕಾಣುವ ನನ್ನ ತಲೆಯನ್ನು ಮಾತನಾಡಿಸತೊಡಗಿದರು. ಒದ್ದೆ ಬೆಡ್‌ಶೀಟನ್ನು ಒಬ್ಬನೇ ಹರಡುವ ವಿದ್ಯೆ ನನಗೆ ಕರಗತವಾಯಿತು.

ಕಂಬದ ತುದಿಯಲ್ಲಿ ಹಳದಿ ಹೂಗೊಂಚಲು ಬಿಟ್ಟಿತು. ಅತ್ತೆ ಬಂದವರಿಗೆಲ್ಲ "ನಮ್ಮ ಕತ್ತಾಳೆ" ಎಂದು ತೋರಿಸಿದರು. ಆಮೇಲೆ ಎಲೆಗಳು ಒಂದೊಂದಾಗಿ ಜೋತುಬಿದ್ದು ಒಣಗಿದವು. ಕತ್ತಾಳೆ ಬಾಳಿನಲ್ಲಿ ಒಂದೇ ಸಲ ಹೂಬಿಡುತ್ತದೆ, ಬಿಟ್ಟು ಸಾಯುತ್ತದೆ. ಅಷ್ಟು ವರ್ಷ ಅದು ಸುಮ್ಮನೆ ಕೂತಿದ್ದರ ಜಾಣತನ ನನಗೆ ಆಗ ಅರ್ಥವಾಯಿತು.

"ಪಾಪ, ಕೊನೆಕೊನೆಗೆ ಕೆಲಸಕ್ಕೆ ಬಂತು," ಎಂದು ಅತ್ತೆ ಬುಡದಲ್ಲಿದ್ದ ಒಂದು ಮರಿಯನ್ನು ಉಳಿಸಿ, ಉಳಿದದ್ದನ್ನೆಲ್ಲ ಕಡಿಸಿದರು. ನಾನು ಸಂತಾಪದ ಮುಖ ಹೊತ್ತು, ಏಣಿಯನ್ನು ಅಟ್ಟಕ್ಕೆ ಸೇರಿಸಿದೆ.

ಇವತ್ತು ಬೆಳಗ್ಗೆ ವೆಲ್ಡಿಂಗ್‌ನವನು ಕಬ್ಬಿಣದ ಕಂಬ ತಂದ. "ಹಗ್ಗದ ಕೊಕ್ಕೆ ಎಷ್ಟೆತ್ತರಕ್ಕೆ ಇರ್ಲಿ ಅಮ್ಮಾ? ನಿಮ್ಮ ಕೈಗೆ ಎಟುಕೋ ಹಾಗಾ?"

ಹೆಂಡತಿ ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಕಡೆ ತಿರುಗಿದರು.

"ಅಳಿಯಂದಿರೇ, ಸ್ವಲ್ಪ ಕೈ ಎತ್ತಿ ನಿಲ್ಲಿ."

ವೆಲ್ಡಿಂಗ್‌ನವನು ಕಂಬವನ್ನು ನನ್ನ ಪಕ್ಕ ನಿಲ್ಲಿಸಿ, ಬೆರಳ ತುದಿಯ ನೇರಕ್ಕೆ ಸೀಮೆಸುಣ್ಣದ ಗೆರೆ ಎಳೆದ. ಕಂಬವನ್ನು ನಾಳೆ ನೆಡುತ್ತಾನೆ. ಬೆಡ್‌ಶೀಟುಗಳನ್ನು ಹೆಂಡತಿ ಈಗಲೇ ನೆನೆಹಾಕಿದ್ದಾಳೆ.