ಮೂರು ಲೋಟ ಮರ್ಯಾದೆ

ಲೀಲಾಧರ ಶೆಟ್ಟರಿಗೆ ಸಿಟ್ಟು ಬಂದಿತ್ತು. ಬರುವುದೇನು, ಏಪ್ರಿಲ್ ತಿಂಗಳಿಂದ ಅದು ಅವರ ಮನೆಯಲ್ಲೇ ಬಿಡಾರ ಹೂಡಿತ್ತು. ಬಾವಿಯ ಮೇಲೆ ಸಿಟ್ಟು, ತಮ್ಮೂರು ಹಟ್ಟಿಯಂಗಡಿಯ ತನಕ ಸಮುದ್ರದ ಉಪ್ಪನ್ನು ಹೊತ್ತು ತರುವ ಹೊಳೆಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಹಾಲಾಡಿಯ ಭಾವ ಮಂಜಯ್ಯ ಶೆಟ್ಟರ ಮೇಲೆ ಸಿಟ್ಟು.

ಮಂಜಯ್ಯನವರು ಹೆಂಡತಿ ಪ್ರಭಾವತಿಯ ಅಣ್ಣ. ಬಾವಿ ತೋಡುವಾಗಲೇ “ಹೊಳಿ ಬದಿಗೆ ಬ್ಯಾಡ ಭಾವ, ಬ್ಯಾಸ್ಗಿಗೆ ಉಪ್ಪ್ ಆತ್ತ್” ಎಂದು ಎಚ್ಚರಿಸಿದ್ದರು. ಅವರು ಹಾಗೆ ಹೇಳಿದರೆಂಬ ಒಂದೇ ಕಾರಣಕ್ಕೆ ಲೀಲಾಧರರು ಹೊಳೆಗೆ ಇನ್ನೂ ಹತ್ತು ಮಾರು ಹತ್ತಿರ ಸರಿದು ಬಾವಿ ತೋಡಿಸಿದ್ದರು. (ವಾಸ್ತುಶಾಸ್ತ್ರದಲ್ಲಿ ಇದಕ್ಕೆ ಭಾವಮೂಲೆ ಎನ್ನುತ್ತಾರೋ ಏನೋ.)

ಈಗ ಅದೇ ಭಾವ ಫೋನಿನಲ್ಲಿ ನಗುತ್ತಿದ್ದರು. “ನಾಳೆ ಕುಂದಾಪ್ರಕ್ಕೆ ಬಪ್ದಿತ್ತ್, ನಿಮ್ಮನಿಗೂ ಬತ್ತೆ. ಆಸ್ರಿಗೆ ನಮ್ಮನಿ ನೀರೇ ಕ್ಯಾನಗೆ ತುಂಬ್ಸ್ಕಂಡ್ ಬರ್ಲಾ?”

ಬಂದ ನೆಂಟರಿಗೆ ಆಸ್ರಿಗೆಂದು ಬೆಲ್ಲ, ನೀರು ಕೊಡುವುದು ಮನೆಯವರ ಕೆಲಸ. ನೆಂಟರೇ ನೀರು ಹೊತ್ತು ತರುವುದೆಂದರೆ ಕಪಾಳಕ್ಕೆ ಬಾರಿಸಿದ ಹಾಗೆ.

“ಹಾಲಾಡಿ ನೀರ್ ಒಂದ್ ಹನಿ ನಮ್ ಮೆಟ್ಲ್ ಹತ್ತುಕಾಗ!” ಲೀಲಾಧರರು ಗುಡುಗಿದರು. “ನನ್ ಬಾಮಿ ನೀರೇ ಕೊಡ್ತೆ. ಬಾಮಿಯೊಳ್ಗೆ ಉಪ್ಪಿತ್ತಂದ್ ನೀವ್ ತೋರ್ಸಿರೆ, ಪಂಚಾಯ್ತಿ ನಳ್ಳಿ ಹಾಕ್ಸ್ತೆ. ನೀವ್ ಹೇಳದ್ದೇ ಸಮ ಅಂದ್ ಒಪ್ಕಂತೆ!”

ಇಷ್ಟು ಹೇಳಿಯಾದ ಮೇಲೆ ಬಾವಿ ನೀರನ್ನು ಬಾಯಿಗೆ ಹಾಕಿ ನೋಡಿದರು. ತಕ್ಷಣ ಉಗಿದರು.

ಬೆಳಿಗ್ಗೆ ಎದ್ದವರೇ, ಕಾಯಿಸಿದರೆ ಉಪ್ಪು ಹಾರಿಹೋದೀತು ಎಂದು ಒಂದು ಗಂಟೆ ನೀರು ಕುದಿಸಿದರು. ಸಾರಿನಷ್ಟಿದ್ದ ಉಪ್ಪು ಉಪ್ಪಿನಕಾಯಿಯಷ್ಟಾಯಿತು.

“ಅಪ್ಪಯ್ಯ, ಹಾರಿ ಹೋಪ್ದ್ ನೀರ್, ಉಪ್ಪಲ್ಲ,” ಎಂದಳು ಕಾಲೇಜಿಗೆ ಹೊರಟಿದ್ದ ಮಗಳು ಶ್ರಾವ್ಯ. “ಸಮುದ್ರದ್ ನೀರ್ ಬಿಸ್ಲಿಗೆ ಆವಿ ಆತ್ತ್, ಉಪ್ಪ್ ಅಲ್ಲೇ ಉಳಿತ್ತ್. ಆವಿ ಮೇಲ್ ಹೋಯಿ ತಣ್ದ್ ಮೋಡ ಆತ್ತ್. ಕೊಲ್ಲೂರಗೆ ಬಪ್ಪು ಮಳಿ ಉಪ್ಪಿರತ್ತಾ?”

“ಇದನ್ನ ಮೊದ್ಲೇ ಹೇಳುಕಾಗ್ದಾ?” ಎಂದು ಮಗಳ ಮೇಲೂ ರೇಗಿ ಲೀಲಾಧರರು ಅಡುಗೆಮನೆಯಲ್ಲೇ ಮೇಘಸೃಷ್ಟಿಗೆ ತೊಡಗಿದರು. ಕಡುಬು ಬೇಯಿಸುವ ದೊಡ್ಡ ಪಾತ್ರೆಗೆ ಬಾವಿ ನೀರು, ಅದರ ನಡುವೆ ಸ್ಟ್ಯಾಂಡಿನ ಮೇಲೆ ಖಾಲಿ ಬಟ್ಟಲು, ಪಾತ್ರೆಯ ಬಾಯಿಗೆ ತಲೆಕೆಳಗಾದ ಮುಚ್ಚಳ, ಮುಚ್ಚಳದ ಮೇಲೆ ಫ್ರಿಜ್ಜಿನಲ್ಲಿದ್ದ ಐಸೆಲ್ಲ. ಆವಿ ಮುಚ್ಚಳಕ್ಕೆ ಬಡಿದು, ತಣಿದು, ಬಟ್ಟಲಿಗೆ ತೊಟ್ಟಿಕ್ಕತೊಡಗಿತು.

“ಹ್ವಾಯ್, ಅದ್ ಬಂಗ್ಡಿ ಮೀನಿಗೆ ಇಟ್ಟ ಐಸ್!” ಪ್ರಭಾವತಿ ಕೂಗಿದಳು. “ಬಂಗ್ಡಿ ಹಾಳಾರೆ ಅಣ್ಣಯ್ಯಂಗೆ ಊಟಕ್ಕೆ ಎಂತ ಬಡ್ಸುದ್? ಮಳಿ ಬಡ್ಸುದಾ?”

“ನೀ ಸುಮ್ನಿರ್ ಮಾರಾಯ್ತಿ!”

“ಗ್ಯಾಸ್ ಮುಗಿತ್ತ್!”

“ಮುಗೀಲಿ! ಮರ್ಯಾದಿ ಮುಗುಕಾಗ!”

ಪಾತ್ರೆ ಬತ್ತಿದಂತೆಲ್ಲ ಮತ್ತೆ ಮತ್ತೆ ಬಾವಿ ನೀರು ಸುರಿದರು. ಅವರ ಮೈಯಿಂದ ಇಳಿದ ಬೆವರನ್ನು ಹಿಡಿದಿಟ್ಟಿದ್ದರೆ ಒಂದು ಕೊಡ ಆಗುತ್ತಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಬಟ್ಟಲಿನಿಂದ ಸಿಕ್ಕಿದ್ದು ಮೂರೇ ಲೋಟ. ಬೆರಳದ್ದಿ ನೆಕ್ಕಿದರು. ಉಪ್ಪಿಲ್ಲ!

ಮಂಜಯ್ಯನವರು ಬಂದು ಜಗಲಿಯಲ್ಲಿ ಕುಳಿತರು. ಲೀಲಾಧರರು ತಾವೇ ಬೆಲ್ಲ, ನೀರು ತಂದಿಟ್ಟು ಎದೆ ಸೆಟೆದು ನಿಂತರು.

“ಬೆಲ್ಲ ಬ್ಯಾಡ ಮರ್ರೆ, ಸಕ್ರಿ ಕಾಯ್ಲಿ” ಎಂದು ಮಂಜಯ್ಯನವರು ನೀರನ್ನಷ್ಟೇ ಕುಡಿದರು. ಬಾಯಿ ಚಪ್ಪರಿಸಿದರು. ಇನ್ನೊಂದು ಗುಟುಕು ಕುಡಿದರು. ಮುಖ ಸಣ್ಣದಾಯಿತು. “ಹೌದ್ ಭಾವ, ಉಪ್ಪಿಲ್ಲೆ.”

ಇಷ್ಟು ದಿನಗಳ ಸಿಟ್ಟು ಒಂದೇ ಸಲಕ್ಕೆ ಇಳಿದು ಲೀಲಾಧರರಿಗೆ ಹಗುರವೆನಿಸಿತು. ಭಾವನನ್ನು ಊಟಕ್ಕೆ ಎಬ್ಬಿಸುವಷ್ಟು ಪ್ರೀತಿಯೂ ಹುಟ್ಟಿತು.

“ಆರೆ ಎಂತ ಸಪ್ಪೆ ಮರ್ರೆ ಇದ್!” ಎಂದರು ಮಂಜಯ್ಯ. “ಪ್ರಭಾ, ಇದಕ್ಕೆ ಲಿಂಬಿಹಣ್ಣ್ ಹಿಂಡಿ, ಚೂರ್ ಉಪ್ಪ್ ಹಾಕಿ ಕೊಡ್.”

ಪ್ರಭಾವತಿ ಲೋಟವನ್ನು ಒಳಗೊಯ್ದು ಶರಬತ್ತು ಮಾಡಿ ತಂದಳು.

“ಈಗ ರುಚಿ ಬಂತ್ ಕಾಣ್! ಉಪ್ಪ್ ಹದ ಇತ್ತ್. ಯಾವ ಅಂಗ್ಡಿದ್?”

“ಅಂಗ್ಡಿದ್ ಎಲ್ಲಿಂದ ಬಪ್ಕ್?” ಐಸು, ಗ್ಯಾಸು, ಬಂಗ್ಡಿಯ ಸಿಟ್ಟೆಲ್ಲ ಒಟ್ಟಿಗೆ ಉಕ್ಕಿ ಪ್ರಭಾವತಿ ಒಳಗಿನಿಂದ ಕಡುಬಿನ ಪಾತ್ರೆಯನ್ನೇ ತಂದು ಜಗಲಿಯ ಮೇಲೆ ಕುಕ್ಕಿದಳು. ತಳದಲ್ಲಿ ಬೆಳ್ಳಗೆ ಹಕ್ಕಳೆ ಕಟ್ಟಿತ್ತು. “ಡಬ್ಬಿಯಗೆ ಒಂದ್ ಹರ್ಳ್ ಉಪ್ಪಿಲ್ಲೆ. ಇವ್ರ್ ಬೆಳಿಗ್ಗಿಂದ ಬಾಮಿ ನೀರ್ ಬತ್ಸಿ ಇಷ್ಟ್ ಉಪ್ಪ್ ಮಾಡಿಟ್ರ್. ಅದ್ನೇ ಕೆರ್ದ್ ಹಾಕ್ದೆ!”

ಮಂಜಯ್ಯನವರು ಪಾತ್ರೆ ನೋಡಿದರು, ಲೋಟ ನೋಡಿದರು, ಕೊನೆಗೆ ಲೀಲಾಧರರನ್ನು ನೋಡಿದರು.

ಲೀಲಾಧರರಿಗೆ ಯಾರ ಮೇಲೆ ರೇಗಬೇಕೆಂದೇ ಹೊಳೆಯಲಿಲ್ಲ. ಭಾವ ಏನನ್ನೂ ತೋರಿಸಿರಲಿಲ್ಲ. ಬಾವಿಯೊಳಗೆ ಯಾರ ಕಣ್ಣಿಗೂ ಬೀಳದೆ ಕರಗಿ ಕೂತಿದ್ದ ಉಪ್ಪನ್ನು ಅರ್ಧ ದಿನ ಬೆವರು ಸುರಿಸಿ ಹೊರಗೆ ತೆಗೆದವರು ತಾವೇ.

“ನಳ್ಳಿ ಹಾಕುವರ್ ಯಾರಾರ್ ಇದ್ರೆ ನಂಬರ್ ಕೊಡಿ” ಎಂದರು, ನೆಲ ನೋಡುತ್ತಾ.

“ನಂಬರ್ ಎಂತಕೆ?” ಎಂದರು ಮಂಜಯ್ಯ. “ನಳ್ಳಿ ಹಾಕು ಚಂದಯ್ಯನ್ನ ಬರ್ತಾ ಕರ್ಕಂಡೇ ಬಂದೆ. ಗೇಟಿನ್ ಹತ್ರ ನಿಂತಿದ್ರ್ ಕಾಣಿ. ಪಾಪ, ಅವ್ರಿಗೂ ಆಸ್ರಿಗೆ ಎಂತಾರೂ ಕೊಡಿ.”