ಲಾದ ಕಿಮ್ಮತ್ತು

ಸಮೀಕರಣ ಬಿಡಿಸುವುದು ನನಗೆ ಬರುತ್ತಿತ್ತು. ಆದರೆ ನಾಲ್ಕು ಮಂದಿಯ ಮುಂದೆ ಬಿಡಿಸಲು ಹೋದಾಗಲೆಲ್ಲ ಮಾರಿ ಮುಚ್ಚಿಕೊಳ್ಳುವ ಪ್ರಸಂಗವೇ ಬರುತ್ತಿತ್ತು. ನಿಜಾಮರ ಕಾಲ, ಸಾಲಿಯ ಗಣಿತವೆಲ್ಲ ಉರ್ದುವಿನಲ್ಲಿ. ಗೊತ್ತಿಲ್ಲದ ಸಂಖ್ಯೆಗೆ ಪುಸ್ತಕದಲ್ಲಿ ‘ಲಾ’ ಎಂದು ಹೆಸರು. ಅದರ ಕಿಮ್ಮತ್ತು ಕಂಡುಹಿಡಿಯುವುದೇ ಲೆಕ್ಕ.

ಭಾಲ್ಕಿ

ಪೇಟೆಯ ಉರ್ದು ಮಾತಿನಲ್ಲಿ ‘ಲಾ’ ಅಂದರೆ ‘ತಾ’. ಮಾಸ್ತರಕಿ ನೌಕರಿಯ ಮೊದಲ ದಿನ ಹಲಗೆಯ ಮುಂದೆ ನಿಂತು ಗಟ್ಟಿಯಾಗಿ “ಲಾ” ಎಂದೆ. ಬಾಗಿಲಲ್ಲಿದ್ದ ಮುದುಕ ಜವಾನ ನೀರು ತಂದ. ಸಂಕೋಚದಿಂದ ಕುಡಿದೆ. ಮತ್ತೆ “ಲಾ” ಎಂದೆ. ಖುರ್ಚಿ ತಂದ. ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ತಿಳಿಸಿ ಹೇಳಲೂ ನಾಚಿಕೆಯಾಗಿ ಲೆಕ್ಕ ಮುಂದುವರಿಸಿದೆ: “ಈ ಕಡಿ ಒಂದು ಲಾ, ಆ ಕಡಿ ಒಂದು ಲಾ.” ಆತ ಹೋಗಿ ಹೆಡ್‌ಮಾಸ್ತರರನ್ನೇ ಕರೆತಂದ.

“ಏನು ಬೇಕಂತ ಇವರಿಗೇ ಹೇಳ್ರಿ ಸಾಹೇಬ, ನನ್ನ ಕೈಲಿ ಇನ್ನ ಆಗಂಗಿಲ್ಲ.”

ಔರಾದ

ಅಲ್ಲಿಗೆ ವರ್ಗವಾದ ಮೇಲೆ, ನನ್ನ ಶಿಷ್ಯನ ತಂದೆ, ತೊಗರಿ ವ್ಯಾಪಾರಿ, ತುಂಬಿದ ಸಂತೆಯಲ್ಲಿ ನನ್ನನ್ನು ತಡೆದರು.

“ಮಾಸ್ತರ್, ಲಾದ ಕಿಮ್ಮತ್ತು ಎಷ್ಟರಿ? ಮಗ ನಿನ್ನಿ ಐದು ಅಂದ, ಇವತ್ತ ಏಳು ಅಂತಾನ.”

“ಎರಡೂ ಖರೇ ಅವರಿ.”

ಸುತ್ತಲಿದ್ದವರು ತೂಗುವುದು ಬಿಟ್ಟು ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿದೆ. ವ್ಯಾಪಾರಿ ಕನಿಕರದಿಂದ ಹೆಗಲ ಮೇಲೆ ಕೈಯಿಟ್ಟರು.

“ಇರಲಿ ಬಿಡ್ರಿ. ನೀವು ವ್ಯಾಪಾರಕ್ಕ ಬರದ ಮಾಸ್ತರಕಿ ಹಿಡದದ್ದೇ ಚಲೋ ಆತು.”

ಬೀದರ

ಹೆಣ್ಣು ನೋಡಲು ಹೋಗಿದ್ದೆ. ಪಡಸಾಲೆಯ ತುಂಬ ಹಿರಿಯರು. ಮುಂದೆ ನನಗೆ ಮಾವನಾದ ಆ ಮನೆಯ ಯಜಮಾನರು ಕೇಳಿದರು:

“ನನ್ನ ವಯಸ್ಸು ಮಗಳ ವಯಸ್ಸಿನ ಮೂರುಪಟ್ಟು. ಹದಿನೆಂಟು ವರ್ಷದ ಮ್ಯಾಲ ಎರಡುಪಟ್ಟು ಆಗ್ತದ. ಆಕಿ ವಯಸ್ಸೆಷ್ಟು, ಹೇಳ್ರಿ ನೋಡೂಣು.”

ಬಾಯಿಲೆಕ್ಕದಲ್ಲಿ ಹೇಳಬಹುದಿತ್ತು. ಜಂಬ ಬಿಡಲಿಲ್ಲ. ಜೇಬಿನ ಸೀಮೆಸುಣ್ಣ ತೆಗೆದು ಅವರ ಸಾರಿಸಿದ ನೆಲದ ಮೇಲೆಯೇ ಬರೆದೆ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಅತ್ತ ಕಿವಿಗೊಟ್ಟು, ಕೂಡುವಲ್ಲಿ ಕಳೆದು, ಕಳೆಯುವಲ್ಲಿ ಕೂಡಿಬಿಟ್ಟೆ. ಬಂದ ಉತ್ತರವನ್ನು ಯೋಚಿಸದೆ ಓದಿದೆ:

“ಸೊನ್ನಿಗಿಂತ ಹದಿನೆಂಟು ಕಡಿಮಿರಿ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. “ಹಂಗಂದರ ಏನರಿ?” ಎಂದು ಯಜಮಾನರು ಕೇಳಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಬಾಗಿಲ ಮರೆಯಿಂದ ಹುಡುಗಿಯೇ ತಣ್ಣಗೆ ಹೇಳಿದಳು:

“ಅಪ್ಪಾ, ನಾ ಹುಟ್ಟಲಿಕ್ಕ ಇನ್ನ ಹದಿನೆಂಟು ವರ್ಷ ಅದಂತ. ಅಲ್ಲಿತನ ಕಾಯ್ತಾರೇನು, ಕೇಳ್ರಿ.”