ಸುರಗಿ ಮರದ ಬುಡದಲ್ಲಿ ನನ್ನ ಕಲಾಕೃತಿ

ಚಂದದ್ದೇನಾದರೂ ಕಣ್ಣಿಗೆ ಬಿದ್ದರೆ ಅದನ್ನು ಇನ್ನೊಬ್ಬರಿಗೆ ತೋರಿಸದೆ ಇರಲಾಗದ ಕಾಯಿಲೆ ನನಗಿದೆ. ಒಳ್ಳೆಯ ಊಟ ಸಿಕ್ಕರೆ ಒಬ್ಬರೇ ಉಂಡು, ಬಾಯಿ ಒರೆಸಿಕೊಂಡು, ಏನೂ ಆಗದವರಂತೆ ಬೀದಿಗೆ ಬರುವ ಸಂಯಮ ಕೆಲವರಿಗಿರುತ್ತದೆ. ನನಗೆ ಆ ಸಂಯಮ ಹುಟ್ಟಿನಿಂದಲೇ ಇಲ್ಲ. ಕುಂದಾಪುರದಲ್ಲಿ ಮೊದಮೊದಲು ಸೈಬರ್ ಸೆಂಟರುಗಳು ಬಾಗಿಲು ತೆರೆದ ಕಾಲದಲ್ಲಿ ಹಲಗೆಯ ಖಾನೆಯೊಳಗೆ ಮೊಣಕಾಲು ಮಡಚಿ ಕೂತು, ಯಾವುದೋ ದೇಶದವನು ಬೆಂಕಿಕಡ್ಡಿಯಲ್ಲಿ ಕಟ್ಟಿದ ಹಡಗು, ಇನ್ಯಾವುದೋ ದೇಶದವಳು ಹಳೇ ಅಂಗಿಗಳ ಗುಂಡಿಯಲ್ಲಿ ಮಾಡಿದ ನವಿಲು, ಇಂಥವನ್ನೆಲ್ಲ ಹುಡುಕಿ ಪ್ರಿಂಟ್ ತೆಗೆಸಿ, ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರಿಗೆ ತೋರಿಸುತ್ತಿದ್ದೆ. ನಾನು ಇಳಿಯುವ ಹೆಮ್ಮಾಡಿ ಬರುವ ತನಕ ಅವರಿಗೂ ಬೇರೆ ದಾರಿ ಇರುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಂಗಸು ಆ ನವಿಲನ್ನು ತುಂಬ ಹೊತ್ತು ನೋಡಿ, “ಗುಂಡಿ ಎಲ್ಲ ಕಿತ್ತದ್ ಅಂಗಿ ಈಗ ಯಾರ್ ಹಾಕಂತ್ರ್?” ಎಂದು ಕೇಳಿದರು. ಕಲೆಯ ಬಗ್ಗೆ ಅಷ್ಟು ಆಳವಾದ ಪ್ರಶ್ನೆಯನ್ನು ನನಗೆ ಆಮೇಲೆ ಯಾರೂ ಕೇಳಿಲ್ಲ.

ಇಂಟರ್‌ನೆಟ್ಟು ಮೊಬೈಲಿನೊಳಕ್ಕೇ ಬಂದ ಮೇಲೆ ನನ್ನ ಕಾಯಿಲೆ ಉಲ್ಬಣಿಸಿತು. ನಾನು ಪ್ರೌಢಶಾಲೆಯೊಂದರಲ್ಲಿ ಗುಮಾಸ್ತ. ಶಾಲೆಯಲ್ಲಿ ನಾನು ಮೊಬೈಲು ಹಿಡಿದು ಬರುವುದು ಕಂಡರೆ ಸಾಕು, ಪಾಠವಿಲ್ಲದ ಮೇಷ್ಟ್ರುಗಳೂ ಎದ್ದು ತರಗತಿಗೆ ಹೋಗತೊಡಗಿದರು. ಮಕ್ಕಳ ವಿದ್ಯಾಭ್ಯಾಸಕ್ಕೆ ನನ್ನಿಂದಾದ ಸೇವೆ ಅದು. ಮನೆಯಲ್ಲಿ ಹೆಂಡತಿ ಜಯಂತಿಗೆ ತೋರಿಸಹೋದರೆ, “ಮೊದ್ಲ್ ಆ ಕಾಯಿ ಸುಲ್ದ್ ಕೊಡಿ, ಮತ್ತ್ ಕಾಂತೆ” ಎನ್ನುತ್ತಿದ್ದಳು. ಕಾಯಿ ಸುಲಿದು ಕೊಟ್ಟ ಮೇಲೆ ತುರಿಯುವ ಕೆಲಸ ಇರುತ್ತಿತ್ತು. ನಿಜವಾಗಿ ಕಲೆ ಗೊತ್ತಿದ್ದವರು ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ವಾಸುದೇವರಾಯರು ಒಬ್ಬರೇ. ಅವರು ಬೈಂದೂರಿಗೆ ವರ್ಗವಾಗಿ ಹೋದರೂ ನಾನು ಬಿಡಲಿಲ್ಲ, ದಿನಾ ಕಳಿಸುತ್ತಿದ್ದೆ. ಅವರು ಬಹಳ ಕಮ್ಮಿ ಮಾತಿನ ಮನುಷ್ಯ. ಏನು ಕಳಿಸಿದರೂ “ನೋಡಿದೆ” ಎಂದು ಉತ್ತರ ಬರೆಯುತ್ತಿದ್ದರು. ಚೆನ್ನಾಗಿದೆ ಎಂದೂ ಇಲ್ಲ, ಚೆನ್ನಾಗಿಲ್ಲ ಎಂದೂ ಇಲ್ಲ.

ಹೀಗಿರುವಾಗ ಒಂದು ಬೇಸಿಗೆ ರಜೆಯಲ್ಲಿ ಕಲ್ಲು ನಿಲ್ಲಿಸುವವನ ವೀಡಿಯೋ ಸಿಕ್ಕಿತು. ಗಡ್ಡದ ಮನುಷ್ಯನೊಬ್ಬ ಹೊಳೆಯ ನಡುವೆ ನಿಂತು ಕಲ್ಲಿನ ಮೇಲೆ ಕಲ್ಲು ಇಡುತ್ತಾನೆ. ಗಾರೆ ಇಲ್ಲ, ಅಂಟು ಇಲ್ಲ. ಚೂಪಾದ ತುದಿಯ ಮೇಲೆ ಕುಂಬಳಕಾಯಿ ಗಾತ್ರದ ಕಲ್ಲು ನಿಂತುಬಿಡುತ್ತದೆ. ಲೋಕವೆಲ್ಲ ಅದನ್ನು ನೋಡಿ ಬಾಯಿ ಬಿಟ್ಟಿತ್ತು. ನಾನೂ ಬಿಟ್ಟೆ. ಆಮೇಲೆ ಬಾಯಿ ಮುಚ್ಚಿಕೊಂಡು ಯೋಚಿಸಿದೆ. ಇಷ್ಟು ವರ್ಷ ಊರವರ ಹಡಗು, ಊರವರ ನವಿಲು ಹೊತ್ತು ತಿರುಗಿದೆನಲ್ಲ, ನಾನು ಮಾಡಿದ್ದನ್ನು ನೋಡಿ ಒಬ್ಬರಾದರೂ “ಇದು ಯಾರು ಮಾಡಿದ್ದು?” ಎಂದು ಕೇಳಬೇಡವೆ? “ನಾನು” ಎಂದು ಹೇಳುವ ಒಂದು ಅವಕಾಶ ಈ ಜನ್ಮದಲ್ಲಿ ಸಿಗಬೇಡವೆ? ಈ ಆಸೆ ಹೊಟ್ಟೆಯೊಳಗೆ ಕೂತದ್ದೇ ತಡ, ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಹೊಳೆಬದಿಗೆ ಹೋಗಿ ನುಣ್ಣಗಿನ ಕಲ್ಲು ತುಂಬಿಕೊಂಡು ಬಂದೆ. “ಎಂತಕ್ಕೆ ಇದ್?” ಎಂದಳು ಜಯಂತಿ. “ಕಲೆ” ಎಂದೆ. “ಬಟ್ಟಿ ಒಗೂ ಕಲ್ಲಿನ್ ಹತ್ರ ಹಾಕ್ಬೇಡಿ” ಎಂದು ಒಳಗೆ ಹೋದಳು.

ಆದ್ದರಿಂದ ನಾನು ಮನೆಯ ಹಿಂದೆ ಹಾಡಿಯ, ಅಂದರೆ ಕುರುಚಲು ಕಾಡಿನ, ಅಂಚಿನಲ್ಲಿರುವ ಸುರಗಿ ಮರದ ಬುಡವನ್ನು ಆರಿಸಿಕೊಂಡೆ. ಮುಂದೆ ಆದದ್ದಕ್ಕೆಲ್ಲ ಈ ಆಯ್ಕೆಯೇ ಕಾರಣ. ನಮ್ಮ ಕಡೆ ಮರದ ಬುಡದಲ್ಲಿ ಕಲ್ಲು ಸುಮ್ಮನೆ ಇರುವುದಿಲ್ಲ. ಒಂದೋ ಅದು ನಾಗ, ಇಲ್ಲವಾದರೆ ಹಾಯ್ಗುಳಿ, ಅದೂ ಅಲ್ಲದಿದ್ದರೆ ಯಾವುದೆಂದು ಇನ್ನೂ ಗೊತ್ತಾಗದ ಒಂದು ದೈವ. ಇಷ್ಟು ವಯಸ್ಸಾದ ಮೇಲೆ ನನಗೆ ಅದು ಹೊಳೆಯಬೇಕಿತ್ತು. ಆದರೆ ಕಲಾವಿದನಿಗೆ ಹಿನ್ನೆಲೆಯ ನೆರಳುಬೆಳಕೇ ಮುಖ್ಯ. ಎರಡು ದಿನ ಬೆರಳು ಜಜ್ಜಿಕೊಂಡು, ಕೊನೆಗೂ ಒಂದರ ಮೇಲೊಂದು ನಿಲ್ಲಿಸಿ, ನಾಲ್ಕೂ ಕಡೆಯಿಂದ ಫೋಟೋ ಹೊಡೆದು ಎಲ್ಲ ಗುಂಪುಗಳಿಗೂ ಹಾಕಿದೆ. ಎಲ್ಲರೂ ಅದರ ಕೆಳಗೇ ಶುಭೋದಯದ ಹೂಗುಚ್ಛ ಹಾಕಿ ಮುಂದೆ ಹೋದರು. ವಾಸುದೇವರಾಯರು ಮಾತ್ರ ಅಂದು ಅಪರೂಪಕ್ಕೆ ಎರಡು ಪದ ಬರೆದರು: “ಕಾಂಪೌಂಡ್ ಕಟ್ಟಿಸುತ್ತೀರಾ?”

ಮರುದಿನ ಬೆಳಿಗ್ಗೆ ನೋಡಿದರೆ ಕಲ್ಲುಗಳೆಲ್ಲ ಚೆಲ್ಲಾಪಿಲ್ಲಿ ಬಿದ್ದಿದ್ದವು. ಹಲ್ಲುಜ್ಜುವುದನ್ನೂ ಬಿಟ್ಟು ಮತ್ತೆ ಜೋಡಿಸಿದೆ. ಕೈ ಪಳಗಿದ್ದರಿಂದ ಬೇಗ ನಿಂತವು. ಒಳಗೆ ಬಂದು ಚಾ ಲೋಟಕ್ಕೆ ಬಾಯಿ ಇಡುವಷ್ಟರಲ್ಲಿ ಪಕ್ಕದ ಮನೆಯ ಗಿರಿಜಕ್ಕ ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡು ಏದುಸಿರು ಬಿಡುತ್ತ ಅಂಗಳಕ್ಕೆ ಬಂದರು. “ಹ್ವಾಯ್, ಜಯಂತೀ, ಡೈರಿಗೆ ಹೋಪತಿಗೆ ಕಾಂತೆ, ಕಲ್ಲೆಲ್ಲ ಬಿದ್ಕಂಡಿತ್. ಬಪ್ಪತಿಗೆ ಕಾಂತೆ, ಎದ್ಕಂಡ್ ನಿಂತಿತ್!” ಎಂದರು. ನಾನು ಖುಷಿಯಿಂದ ಲೋಟ ಕೆಳಗಿಟ್ಟೆ. ಕೊನೆಗೂ ಒಬ್ಬರು ಪ್ರೇಕ್ಷಕರು ಸಿಕ್ಕಿದ್ದರು. “ಅದ್ ನಾನ್ ಜೋಡ್ಸದ್ದ್, ಗಿರಿಜಕ್ಕ” ಎಂದೆ. ಅವರು ನನ್ನ ಮುಖವನ್ನೇ ಮರುಕದಿಂದ ನೋಡಿದರು. “ಹೌದ್ ಮಾರಾಯ್ರೆ, ಮನ್ಷ್ರ್ ಕೈಯಲ್ಲೇ ದೈವ ಮಾಡ್ಸುದಲ್ದಾ ಅದ್ ಎಲ್ಲ? ಮಾಡುವರಿಗ್ ಗೊತ್ತಾಪುದಿಲ್ಲೆ” ಎಂದು ಹೇಳಿ, ಹೋಗುವಾಗ ನಮ್ಮ ಗಿಡದಿಂದಲೇ ಒಂದು ದಾಸವಾಳ ಕೊಯ್ದು ಕಲ್ಲಿನ ತುದಿಗೆ ಇಟ್ಟು ಹೋದರು.

ಆ ದಾಸವಾಳ ಒಂದು ಕಡೆಗೆ ಭಾರವಾಗಿ ಕಲ್ಲುಗಳು ಮತ್ತೆ ಬಿದ್ದವು. ನಾನು ಮತ್ತೆ ನಿಲ್ಲಿಸಿದೆ. ಆಮೇಲೆ ದಿನಾ ಬೆಳಿಗ್ಗೆ ಇದೇ ಕೆಲಸವಾಯಿತು. ನಿಲ್ಲಿಸದೆ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಿದ ಕೆಲಸ ನೆಲದ ಮೇಲೆ ಬಿದ್ದುಕೊಂಡಿರುವುದನ್ನು ನೋಡಲು ಆಗುವುದಿಲ್ಲ, ಸ್ವಾಮಿ. ನಿಲ್ಲಿಸಿದ್ದು ಸಾಲದು ಎಂದು ಕೈಚಳಕ ತೋರಿಸಲು ಮೇಲೆ ಇನ್ನೊಂದು ಕಲ್ಲನ್ನೂ ಏರಿಸಿದೆ. ಅದರಿಂದ ದೈವ ಬಿದ್ದರೆ ಏಳುವುದಷ್ಟೇ ಅಲ್ಲ, ಬೆಳೆಯುತ್ತಲೂ ಇದೆ ಎಂಬ ಸುದ್ದಿ ಹೆದ್ದಾರಿಯ ಆಚೆ ತನಕ ಹೋಯಿತು. ಜನ ಬರತೊಡಗಿದರು. ಅರಶಿನ, ಕುಂಕುಮ, ಅಡಿಕೆ ಸಿಂಗಾರದ ಹೂ ಬಂದವು. ಬಂದವರಿಗೆಲ್ಲ ನಾನು ಮರದ ಪಕ್ಕ ನಿಂತು, ಇದು ಹೊರದೇಶದ ಒಂದು ಕಲೆ, ಭಾರದ ಮಧ್ಯಬಿಂದು ಹುಡುಕಿದರೆ ಯಾವ ಕಲ್ಲಾದರೂ ನಿಲ್ಲುತ್ತದೆ ಎಂದು ವಿವರಿಸುತ್ತಿದ್ದೆ. ಅವರು ಭಕ್ತಿಯಿಂದ ಕೇಳಿಸಿಕೊಂಡು, ನನ್ನನ್ನು ಅಲ್ಲಿಯ ಅರ್ಚಕನೆಂದು ತಿಳಿದು ಪ್ರಸಾದಕ್ಕೆ ಕೈ ಒಡ್ಡುತ್ತಿದ್ದರು. ಅವರ ಕೈಯನ್ನು ಖಾಲಿ ಬಿಡಲಾಗದೆ ಒಂದೊಂದು ಸುರಗಿ ಎಲೆ ಕೊಟ್ಟು ಕಳಿಸಿದೆ. ಕಲ್ಲು ಜೋಡಿಸುವಾಗ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನನ್ನ ಹೆಂಡತಿಯೇ ಒಂದು ಸಂಜೆ ಅಲ್ಲಿ ದೀಪ ಹಚ್ಚುತ್ತಿದ್ದಳು. “ನಾನೇ ಇಟ್ಟದ್ದೆಂದು ನಿನಗೆ ಗೊತ್ತಿಲ್ಲವಾ?” ಎಂದು ರೇಗಿದೆ. “ಗೊತ್ತಿತ್. ಆದ್ರೂ ಇರ್ಲಿ” ಎಂದಳು.

ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಆದರೆ ಮಾಬ್ಲಣ್ಣ ಬಂದದ್ದು ನನ್ನ ಸಹನೆಯನ್ನು ಮುಗಿಸಿತು. ಮಾಬ್ಲಣ್ಣ ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಊರಿನ ಯಾವ ಒಳ್ಳೆಯ ಕೆಲಸಕ್ಕೂ ಅವರು ಮುಂದೆ. ಮರದ ಸುತ್ತ ಒಂದು ಸುತ್ತು ಬಂದು, ಕಲ್ಲುಗಳನ್ನು ದೂರದಿಂದಲೇ ಅಳೆದು, “ಮಳೆಗಾಲ ಬತ್ತ್. ಹೀಂಗೇ ಬಿಡುಕಾಗ. ಐತವಾರ ನಾಲ್ಕ್ ಜನ ಸೇರ್ಸಿ, ನಡು ನಡು ಒಂದೊಂದ್ ಕರಣೆ ಸಿಮೆಂಟ್ ಹಾಕ್ಸುವ” ಎಂದರು. ಸಿಮೆಂಟ್! ನನ್ನ ಎದೆಗೇ ಕರಣೆಯಿಂದ ತಿವಿದ ಹಾಗಾಯಿತು. ಗಾರೆಯಿಲ್ಲದೆ ನಿಲ್ಲುವುದೇ ಅದರ ಜೀವ. ಸಿಮೆಂಟು ಬಿದ್ದ ಮೇಲೆ ಅದಕ್ಕೂ ಮೋರಿಯ ಕಟ್ಟೆಗೂ ಏನು ವ್ಯತ್ಯಾಸ? ಆ ಹೊತ್ತಿಗೆ ನನಗೆ ನಿಜವಾಗಿ ಅಳು ಬಂತು. ಹೊಗಳಿಕೆ ಸಿಗದಿದ್ದರೂ ಚಿಂತೆಯಿಲ್ಲ, ಮಾಡಿದ್ದು ನಾನೆಂದು ಊರಿಗೆ ತಿಳಿಯಲೇಬೇಕು ಎಂದು ನಿಶ್ಚಯಿಸಿದೆ.

ಆದಿತ್ಯವಾರ ಮಾಬ್ಲಣ್ಣ ಸಿಮೆಂಟು ಕಲಸಲು ಜನ ಕರೆದುಕೊಂಡು ಬಂದರು. ಗಿರಿಜಕ್ಕನ ಕಡೆಯವರು, ಕೆರಾಡಿಯಿಂದ ಜಯಂತಿಯ ತವರಿನವರು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲ ಸೇರಿದರು. ನಾನು ಪಂಚೆ ಎತ್ತಿಕಟ್ಟಿ ಮುಂದೆ ಬಂದು ಭಾಷಣ ಮಾಡಿದೆ. “ಎಲ್ಲರೂ ಕಾಣಿ. ಈಗ ಇದನ್ನ ಕೆಡಗ್ತೆ. ನಿಮ್ಮೆದುರಿಗೇ ಮತ್ತೆ ನಿಲ್ಲಿಸ್ತೆ. ಆಗ ಮಾಡದ್ ಯಾರಂದ್ ಗೊತ್ತಾತ್ತ್” ಎಂದು, ಯಾರಾದರೂ ತಡೆಯುವ ಮೊದಲೇ ಮೇಲಿನ ಕಲ್ಲಿಗೆ ಕೈ ಹಾಕಿದೆ. “ಅಯ್ಯೋ, ಮುಟ್ಟುಕಾಗ!” ಎಂದು ಗಿರಿಜಕ್ಕ ಕೂಗಿದರು. ಎಲ್ಲವನ್ನೂ ಕೆಡವಿದೆ. ಅಂಗಿಯ ತೋಳು ಮಡಚಿ, ಬುಡದ ಕಲ್ಲಿಟ್ಟು, ಎರಡನೆಯದನ್ನು ಅದರ ಮೇಲಿಟ್ಟು ಕೈ ಬಿಟ್ಟೆ.

ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ದಿನಾ ಹಲ್ಲುಜ್ಜದ ಬಾಯಲ್ಲಿ, ಅರ್ಧ ನಿದ್ದೆಯಲ್ಲಿ, ಕಣ್ಣುಮುಚ್ಚಿಯೂ ನಿಲ್ಲಿಸುತ್ತಿದ್ದ ಕಲ್ಲು ಈಗ ಜನರೆದುರು ನನ್ನನ್ನು ಕಂಡೇ ಇಲ್ಲವೆಂಬಂತೆ ಜಾರುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಬೆನ್ನ ಹಿಂದೆ ಊರಿಗೆ ಊರೇ ಉಸಿರು ಬಿಗಿಹಿಡಿದಿರುವಾಗ ಭಾರದ ಮಧ್ಯಬಿಂದು ಹುಡುಕುವುದು ಹೇಗೆಂದು ಆ ಗಡ್ಡದವನು ವೀಡಿಯೋದಲ್ಲಿ ಹೇಳಿರಲಿಲ್ಲ. ಯಾರೂ ನಗಲಿಲ್ಲ, ಅದೇ ದೊಡ್ಡ ಅವಮಾನ. ನಕ್ಕಿದ್ದರೆ ಕಲಾವಿದ ಸೋತ ಎಂದಾದರೂ ಆಗುತ್ತಿತ್ತು. ಅವರೆಲ್ಲ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಕೊನೆಗೆ ಜಯಂತಿ ಒಳಗಿನಿಂದ ಒಂದು ಸುಲಿದ ಕಾಯಿ ತಂದು ನನ್ನ ಕೈಯಲ್ಲಿಟ್ಟಳು. “ಇದನ್ ಇಟ್ಟ್, ತಪ್ಪಾಯ್ತ್ ಅಂದೇಳಿ ಹೇಳ್ಕಣಿ” ಎಂದಳು. “ಯಾರಿಗೆ ಹೇಳುದು? ನಾನ್ ಮಾಡದ್ದಕ್ಕೆ ನಾನೇ ತಪ್ಪಾಯ್ತು ಅನ್ನೋದಾ?” ಎಂದು ಪಿಸುಗುಟ್ಟಿದೆ. “ಹೇಳ್ರೆ ನಿಮ್ಗೆಂತ ನಷ್ಟ? ಜನ ನಿಂತ್ಕಂಡಿತ್” ಎಂದಳು.

ಕಾಯಿ ಇಟ್ಟೆ. ಕಣ್ಣು ಮುಚ್ಚಿ, ಕೈ ಮುಗಿದು, ತಪ್ಪಾಯಿತು ಎಂದೆ. ಇನ್ನು ಸೋಲಲು ಏನೂ ಉಳಿದಿಲ್ಲ ಅನಿಸಿ ಕೈ ಹಗುರಾಯಿತೋ ಏನೋ, ಕಲ್ಲುಗಳು ಒಂದರ ಮೇಲೊಂದು, ಇಟ್ಟಲ್ಲೇ, ಒಂದೇ ಏಟಿಗೆ ನಿಂತುಬಿಟ್ಟವು. ಹಿಂದಿಗಿಂತ ಚಂದವಾಗಿ ನಿಂತವು. ಗಿರಿಜಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಷ್ಟು ಕಾರಣಿಕ, ಇಷ್ಟು ಮಹಿಮೆ ಇರುವ ಜಾಗಕ್ಕೆ ಸಿಮೆಂಟು ಹಾಕುವ ಯೋಗ್ಯತೆ ನಮಗಿಲ್ಲ ಎಂದು ಮಾಬ್ಲಣ್ಣ ಕೆಲಸದವರನ್ನು ವಾಪಸು ಕಳಿಸಿದರು. ನನ್ನ ಕಲೆ ಉಳಿಯಿತು. ಅದು ನನ್ನದು ಎಂದು ಹೇಳುವ ಬಾಯಿ ಮಾತ್ರ ಉಳಿಯಲಿಲ್ಲ. ಆ ಹೊತ್ತಿಗೆ ಸುರಗಿ ಎಲೆಗಳ ಸಂದಿಯಿಂದ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಮಾಬ್ಲಣ್ಣ ತಮ್ಮ ದೊಡ್ಡ ಮೊಬೈಲು ತೆಗೆದು ಒಂದು ಫೋಟೋ ಹೊಡೆದರು.

ಆ ಫೋಟೋ ಮುಂಬೈಗೆ ಹೋಗಿ, ದುಬೈಗೆ ಹೋಗಿ, ಮಳೆ ಶುರುವಾಗುವ ಮೊದಲೇ ಸುತ್ತು ಹಾಕಿಕೊಂಡು ನನ್ನ ಮೊಬೈಲಿಗೇ ಬಂತು. ಕೆಳಗೆ ಯಾರೋ ಬರೆದಿದ್ದರು: “ಬೆಳೆಯುವ ಕಲ್ಲಿನ ದೈವ. ನೋಡಿದ ಕೂಡಲೇ ಹನ್ನೊಂದು ಜನರಿಗೆ ಕಳಿಸಿ. ಕಡೆಗಣಿಸಿದವರ ಮನೆಯ ಬಾವಿ ಬತ್ತಿದೆ.” ನಾನು ನಕ್ಕೆ. ಆ ಕಲ್ಲುಗಳನ್ನು ಗೋಣಿಯಲ್ಲಿ ಹೊತ್ತು ತಂದವನನ್ನೇ ಹೆದರಿಸುತ್ತಾರಲ್ಲ ಎಂದು ಮೊಬೈಲು ಬದಿಗಿಟ್ಟು ಸ್ನಾನಕ್ಕೆ ನೀರು ಸೇದಲು ಹೋದೆ. ಬಾವಿಗೆ ಬಗ್ಗಿ ನೋಡಿದರೆ ನೀರು ನಿನ್ನೆಗಿಂತ ಒಂದು ಗೇಣು ಕೆಳಗೆ ಇದ್ದಂತೆ ಕಂಡಿತು. ಬೇಸಿಗೆಯಲ್ಲವೆ, ಇಳಿಯುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ಕೊಡಪಾನವನ್ನು ಅಲ್ಲೇ ಬಿಟ್ಟು ಒಳಗೆ ಬಂದು ಹನ್ನೊಂದು ಜನರಿಗೆ ಕಳಿಸಿದೆ.

ಹನ್ನೊಂದನೆಯವರು ವಾಸುದೇವರಾಯರು. ಅವರಿಂದ ಉತ್ತರ ಬಂತು, ಉದ್ದದ ಉತ್ತರ: “ದೈವದ ವಿಷಯ ನನಗೆ ಗೊತ್ತಿಲ್ಲ. ಆದರೆ ಈ ಜೋಡಣೆ ನೋಡಿ! ಎಂಥ ಹದ, ಎಂಥ ಧೈರ್ಯ! ಇದು ದೊಡ್ಡ ಕಲಾವಿದನ ಕೈ. ಮಾಡಿದ್ದು ಯಾರು? ಗೊತ್ತಿದ್ದರೆ ದಯವಿಟ್ಟು ತಿಳಿಸಿ, ನಾನು ಬಂದು ಅವರನ್ನು ಕಾಣಬೇಕು.” ಓದಿ ನನ್ನ ಕಣ್ಣು ತುಂಬಿತು. “ನಾನು” ಎಂದು ಬರೆದೆ. ಕಳಿಸುವ ಮೊದಲು ಕಿಟಕಿಯಿಂದ ಒಮ್ಮೆ ಸುರಗಿ ಮರದ ಕಡೆ, ಇನ್ನೊಮ್ಮೆ ಬಾವಿಯ ಕಡೆ ನೋಡಿದೆ. ಬರೆದದ್ದನ್ನು ಅಳಿಸಿದೆ. “ಯಾರೂ ಮಾಡಿದ್ದಲ್ಲ ಸರ್, ಉದ್ಭವ” ಎಂದು ಬರೆದು, ಪಕ್ಕದಲ್ಲಿ ಮುಗಿದ ಕೈಗಳ ಚಿತ್ರವನ್ನೂ ಸೇರಿಸಿ ಕಳಿಸಿದೆ.